ಸೊರಗಿದ ಬಾಲ್ ಪೈಥಾನ್‌ನ ತೂಕ ಹೆಚ್ಚಿಸುವುದು ಹೇಗೆ?

ಮಿಂಚಿನಮನೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಮೂರು ವರ್ಷದ ಹೆಣ್ಣು ಬಾಲ್ ಪೈಥಾನ್ (ಮನೆಯಲ್ಲಿ ಸಾಕುವ ಚಿಕ್ಕ ಜಾತಿಯ ಹೆಬ್ಬಾವು) ಒಂದು ನನ್ನ ಮನೆ ಸೇರಿದೆ. ಮೊದಲು ಸಾಕಿದವರು ಇನ್ನು ನೋಡಿಕೊಳ್ಳಲು ಆಗುವುದಿಲ್ಲವೆಂದು ಗಾಜಿನ ಪೆಟ್ಟಿಗೆ ಸಮೇತ ಕೊಟ್ಟರು. ಐದು ತಿಂಗಳಿಂದ ಏನೂ ತಿಂದಿಲ್ಲವಂತೆ. ಮಿಂಚು ಎಂದು ಹೆಸರಿಟ್ಟಿದ್ದೇನೆ.

ಕೈಗೆತ್ತಿಕೊಂಡಾಗ ನನಗೆ ಗಾಬರಿಯಾಯಿತು. ಬೆನ್ನುಮೂಳೆ ಬೆರಳಿಗೆ ಏಣಿನಂತೆ ಸಿಗುತ್ತದೆ. ಎರಡೂ ಪಕ್ಕೆಗಳು ಒಳಕ್ಕೆ ಕುಸಿದಿವೆ. ಮೈ ಬಾಗಿಸಿದರೆ ಚರ್ಮ ಉದ್ದುದ್ದ ಮಡಿಕೆ ಬೀಳುತ್ತದೆ. ತೂಕ 540 ಗ್ರಾಂ. ಕಣ್ಣಿನ ಮೇಲೆ ಹಳೆಯ ಪೊರೆಯ ತುಣುಕು ಹಾಗೇ ಅಂಟಿಕೊಂಡಿದೆ.

ಫ್ರೀಜರಿನಲ್ಲಿ 90 ಗ್ರಾಮಿನ ಇಲಿಗಳಿವೆ. ಇಂದು ರಾತ್ರಿಯೇ ಒಂದು ಕೊಡಲೇ? ಇಷ್ಟು ದಿನ ಹಸಿದಿರುವ ಜೀವ, ಹೊಟ್ಟೆ ತುಂಬ ತಿಂದರೆ ಬೇಗ ಚೇತರಿಸಿಕೊಳ್ಳಬಹುದು ಎಂದುಕೊಂಡಿದ್ದೇನೆ. ದಯವಿಟ್ಟು ಯಾರಾದರೂ ಬೇಗ ಉತ್ತರಿಸಿ.

ಹಳೆಪೊರೆ

ಇಂದು ರಾತ್ರಿ ಕೊಡಬೇಡಿ. ದಯವಿಟ್ಟು ಕೊಡಬೇಡಿ. ನಾಳೆಯೂ ಬೇಡ.

ನಿಮ್ಮ ಆತುರ ನನಗೆ ಅರ್ಥವಾಗುತ್ತದೆ. ಇಪ್ಪತ್ತು ವರ್ಷದ ಹಿಂದೆ ನನಗೂ ಇದೇ ಆತುರವಿತ್ತು. ಆದರೆ ಹಾವಿಗೆ ಊಟ ಒಂದು ದೊಡ್ಡ ಕೆಲಸ. ಬರ್ಮೀಸ್ ಹೆಬ್ಬಾವು ದೊಡ್ಡ ಬೇಟೆ ನುಂಗಿದ ಎರಡು ದಿನಗಳೊಳಗೆ ಅದರ ಹೃದಯದ ತೂಕ ಸುಮಾರು ಶೇಕಡಾ 40ರಷ್ಟು ಹೆಚ್ಚುತ್ತದೆ, ಕರುಳು ಸುಮಾರು ಇಮ್ಮಡಿಯಾಗುತ್ತದೆ. ಮುಚ್ಚಿಟ್ಟ ಕಾರ್ಖಾನೆಯನ್ನು ಪ್ರತಿ ಊಟಕ್ಕೂ ಮತ್ತೆ ತೆರೆದ ಹಾಗೆ. ಆ ಕೆಲಸಕ್ಕೆ ಬಂಡವಾಳ ಹಾವಿನ ಮೈಯಿಂದಲೇ ಬರಬೇಕು. ಮಿಂಚುವಿನ ಮೈಯಲ್ಲಿ ಈಗ ಬಂಡವಾಳವೇ ಇಲ್ಲ.

ಹಾಗಾಗಿ ಮೊದಲು ಬಿಸಿ, ಆಮೇಲೆ ನೀರು, ಆಮೇಲೆ ನೆಮ್ಮದಿ, ಕೊನೆಗೆ ಊಟ. ಈ ಕ್ರಮ ತಪ್ಪಿಸಬೇಡಿ.

ಪೆಟ್ಟಿಗೆಯ ಬಿಸಿ ತುದಿಯ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇರಬೇಕು, ತಂಪು ತುದಿ 25ರ ಆಸುಪಾಸು. ಗಾಜಿಗೆ ಅಂಟಿಸುವ ಗಡಿಯಾರದಂಥ ಥರ್ಮಾಮೀಟರನ್ನು ನಂಬಬೇಡಿ, ಅದು ಗಾಜಿನ ಗೋಡೆಯ ಬಿಸಿಯನ್ನಷ್ಟೇ ಹೇಳುತ್ತದೆ. ತಂತಿಯ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಥರ್ಮಾಮೀಟರ್ ತಂದು, ಹಾವು ಮಲಗುವ ಜಾಗದಲ್ಲೇ ಇಟ್ಟು ನೋಡಿ. ಬಿಸಿ ನೀಡುವ ಸಾಧನ ಯಾವುದೇ ಇರಲಿ, ಅದಕ್ಕೆ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಇರಲೇಬೇಕು. ಇಲ್ಲದಿದ್ದರೆ ಒಂದು ದಿನ ಚಳಿ, ಒಂದು ದಿನ ಸುಟ್ಟ ಗಾಯ.

ತೇವಾಂಶ ಶೇಕಡಾ 60ಕ್ಕಿಂತ ಕೆಳಗಿಳಿಯದಿರಲಿ. ಈಗ 70ರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಬಿಸಿ ತುದಿಗೊಂದು, ತಂಪು ತುದಿಗೊಂದು ಅಡಗುತಾಣ ಇಡಿ. ಒಳಗೆ ಸುತ್ತಿಕೊಂಡರೆ ಮೈ ನಾಲ್ಕೂ ಕಡೆ ತಾಗುವಷ್ಟು ಇಕ್ಕಟ್ಟಾಗಿರಲಿ. ಬಾಲ್ ಪೈಥಾನ್ ಹುಟ್ಟೂರಾದ ಆಫ್ರಿಕಾದಲ್ಲಿ ಬಿಲಗಳಲ್ಲಿ, ಗೆದ್ದಲಿನ ಹುತ್ತಗಳಲ್ಲಿ ದಿನ ಕಳೆಯುವ ಜೀವಿ. ಬಯಲಲ್ಲಿ ಕುಳಿತು ಅದು ಉಣ್ಣುವುದಿಲ್ಲ. ಗಾಜಿನ ಮೂರು ಬದಿಗಳಿಗೆ ಹೊರಗಿನಿಂದ ಕಾಗದ ಅಂಟಿಸಿ, ಒಂದು ವಾರ ಮುಟ್ಟದೆ ಬಿಡಿ.

ಮೂಕಜೀವ

ನಾನು ಪಶುವೈದ್ಯೆ. ಸರೀಸೃಪಗಳನ್ನು ಹೆಚ್ಚಾಗಿ ನೋಡುತ್ತೇನೆ. ಹಳೆಪೊರೆ ಅವರ ಮಾತಿಗೆ ಒಂದು ವಿಷಯ ಸೇರಿಸಬೇಕು, ಏಕೆಂದರೆ ಇದನ್ನು ತಿಳಿಯದೆ ಪ್ರೀತಿಯಿಂದಲೇ ಹಾವುಗಳನ್ನು ಕಳೆದುಕೊಂಡವರನ್ನು ಕಂಡಿದ್ದೇನೆ.

ಬಹಳ ದಿನ ಹಸಿದಿದ್ದ ಪ್ರಾಣಿಗೆ ಒಮ್ಮೆಲೇ ದೊಡ್ಡ ಊಟ ಕೊಟ್ಟರೆ ಇನ್ಸುಲಿನ್ ಏರುತ್ತದೆ. ಆಗ ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವುಗಳ ಮಟ್ಟ ಕುಸಿದರೆ ಹೃದಯದ ಬಡಿತ ತಪ್ಪುತ್ತದೆ, ಸ್ನಾಯುಗಳು ಸೋಲುತ್ತವೆ. ಹಸಿವಿನಿಂದ ಸಾಯದ ಪ್ರಾಣಿ ಊಟದಿಂದ ಸಾಯುವುದು ಹೀಗೆ. ಮನುಷ್ಯರಲ್ಲೂ ಇದು ಆಗುತ್ತದೆ.

ನಿಮ್ಮ 90 ಗ್ರಾಮಿನ ಇಲಿ ಮಿಂಚುವಿನ ತೂಕದ ಆರನೇ ಒಂದು ಭಾಗ. ಆರೋಗ್ಯವಂತ ಹಾವಿಗೇ ಅದು ಭಾರಿ ಊಟ. ಮೊದಲ ತುತ್ತು ದೇಹತೂಕದ ಶೇಕಡಾ 5ನ್ನು ಮೀರದಿರಲಿ, ಅಂದರೆ 25 ಗ್ರಾಮಿನ ಆಸುಪಾಸು.

ಅದಕ್ಕೂ ಮೊದಲು ನೀರು. ಕಣ್ಣು ಗುಳಿಬಿದ್ದಿದೆಯೇ? ಬಾಯಿಯೊಳಗಿನ ಜೊಲ್ಲು ಅಂಟಂಟಾಗಿ ದಾರದಂತೆ ಎಳೆಯುತ್ತದೆಯೇ? ಚರ್ಮವನ್ನು ಮೆಲ್ಲಗೆ ಹಿಡಿದೆತ್ತಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತದೆಯೇ? ಮಲದ ಜೊತೆ ಬರುವ ಬಿಳಿ ಭಾಗ ಸುಣ್ಣದ ಕಲ್ಲಿನಂತೆ ಗಟ್ಟಿಯಾಗಿದೆಯೇ? ಇವೆಲ್ಲ ನೀರು ಕಡಿಮೆಯಾಗಿರುವ ಲಕ್ಷಣ. ಒಣಗಿದ ಮೈಗೆ ಮಾಂಸ ಹಾಕಿದರೆ ಮೂತ್ರಪಿಂಡಕ್ಕೆ ಪೆಟ್ಟು.

ಹಾವನ್ನು ಸರೀಸೃಪ ಬಲ್ಲ ಪಶುವೈದ್ಯರಿಗೆ ಒಮ್ಮೆ ತೋರಿಸಿ. ಮಲ ಹಾಕಿದರೆ ಅಂದೇ ಮುಚ್ಚಳವಿರುವ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ. ಉಸಿರಾಡುವಾಗ ಸೀಟಿಯಂಥ ಸದ್ದು, ಬಾಯಿ ತೆರೆದುಕೊಂಡೇ ಇರುವುದು, ಮೂಗಿನಲ್ಲಿ ಗುಳ್ಳೆ, ವಸಡಿನಲ್ಲಿ ಕೀವು ಕಂಡರೆ ವಾರ ಕಾಯದೆ ತಕ್ಷಣ ಹೋಗಿ.

ಮಿಂಚಿನಮನೆ

ಇಲಿಯನ್ನು ವಾಪಸ್ ಫ್ರೀಜರಿಗೆ ಇಟ್ಟೆ. ಇನ್ನೂ ಕರಗಿಸಿರಲಿಲ್ಲ, ಪುಣ್ಯ.

ಡಿಜಿಟಲ್ ಥರ್ಮಾಮೀಟರ್ ಇಟ್ಟು ನೋಡಿದೆ. ಬಿಸಿ ತುದಿ ಎಂದುಕೊಂಡಿದ್ದ ಜಾಗ 26 ಡಿಗ್ರಿ, ತಂಪು ತುದಿ 21. ಗಾಜಿಗೆ ಅಂಟಿಸಿದ್ದ ಥರ್ಮಾಮೀಟರ್ 32 ತೋರಿಸುತ್ತಿತ್ತು! ತೇವಾಂಶ ಶೇಕಡಾ 38. ಪಾಪ, ಅವಳು ಇಷ್ಟು ತಿಂಗಳು ಈ ಚಳಿಯಲ್ಲಿ ಕುಳಿತಿದ್ದಳು. ಚರ್ಮದ ಮಡಿಕೆ ಎರಡು ಮೂರು ಸೆಕೆಂಡು ನಿಲ್ಲುತ್ತದೆ. ಸ್ನಾನ ಮಾಡಿಸಲೇ?

ಹಳೆಪೊರೆ

ಊಟ ಬಿಟ್ಟ ಕಾರಣ ಅಲ್ಲೇ ಸಿಕ್ಕಿತು ನೋಡಿ. 26 ಡಿಗ್ರಿಯಲ್ಲಿ ಹೊಟ್ಟೆಗೆ ಇಳಿದದ್ದು ಜೀರ್ಣವಾಗುವುದಕ್ಕಿಂತ ಮೊದಲು ಕೊಳೆಯಲು ಶುರುವಾಗುತ್ತದೆ. ಹಾವಿಗೆ ಅದು ಗೊತ್ತು. ಅದಕ್ಕೇ ತಿನ್ನಲಿಲ್ಲ.

ಸ್ನಾನಕ್ಕಿಂತ ತೇವದ ಗೂಡು ನನಗೆ ಇಷ್ಟ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಹಾವು ನುಸುಳುವಷ್ಟು ಕಿಂಡಿ ಕೊರೆದು, ಅಂಚನ್ನು ಉಜ್ಜಿ ನಯ ಮಾಡಿ, ಒಳಗೆ ಹಿಂಡಿದ ಒದ್ದೆ ಪಾಚಿ ತುಂಬಿಸಿ ಬೆಚ್ಚಗಿನ ಭಾಗದಲ್ಲಿಡಿ. ಬೇಕಾದಾಗ ಒಳಗೆ ಹೋಗುತ್ತದೆ, ಸಾಕೆನಿಸಿದಾಗ ಹೊರಗೆ ಬರುತ್ತದೆ. ನೀರಿನಲ್ಲಿ ಬಲವಂತವಾಗಿ ಕೂರಿಸುವುದು ಹೆದರಿದ ಹಾವಿಗೆ ಇನ್ನೊಂದು ಹೆದರಿಕೆ.

ಮೂಕಜೀವ

ಇಲ್ಲಿ ನನಗೆ ಸ್ವಲ್ಪ ಭಿನ್ನಾಭಿಪ್ರಾಯ. ತೇವದ ಗೂಡು ಇರಲಿ, ಆದರೆ ಚರ್ಮದ ಮಡಿಕೆ ಮೂರು ಸೆಕೆಂಡು ನಿಲ್ಲುವ ಹಾವಿಗೆ ದಿನಕ್ಕೊಮ್ಮೆ 15 ನಿಮಿಷ ಉಗುರುಬೆಚ್ಚಗಿನ ನೀರು ಸಹಾಯ ಮಾಡುತ್ತದೆ. ಅನೇಕ ಹಾವುಗಳು ಆಗಲೇ ಕುಡಿಯುತ್ತವೆ. ನೀರು 29 ಡಿಗ್ರಿಯ ಹತ್ತಿರ ಇರಲಿ, ಮೈಯ ಅರ್ಧ ದಪ್ಪಕ್ಕೆ ಬಂದರೆ ಸಾಕು. ಬಡವಾದ ಹಾವಿಗೆ ತಲೆ ಎತ್ತಿ ಹಿಡಿಯುವ ಶಕ್ತಿಯೂ ಇರುವುದಿಲ್ಲ, ಆದ್ದರಿಂದ ಪಕ್ಕದಲ್ಲೇ ಕುಳಿತಿರಿ. ಫೋನು ಬಂದರೂ ಏಳಬೇಡಿ. ಮೂರು ದಿನ ಮಾಡಿ ನಿಲ್ಲಿಸಿ. ಮಡಿಕೆ ಕಡಿಮೆಯಾಗದಿದ್ದರೆ ಚರ್ಮದಡಿಗೆ ದ್ರವ ಕೊಡಿಸಬೇಕಾಗುತ್ತದೆ, ಅದು ಆಸ್ಪತ್ರೆಯ ಕೆಲಸ.

ಕಣ್ಣಿನ ಮೇಲಿನ ಪೊರೆಯನ್ನು ಕೈಯಿಂದ ಕೀಳಬೇಡಿ.

ತಕ್ಕಡಿಗಣ್ಣು

ತೂಕದ ಬಗ್ಗೆ ನನ್ನದೊಂದು ವಿನಂತಿ. ಕಣ್ಣಳತೆಯನ್ನು ನಂಬಬೇಡಿ. ದಿನವೂ ನೋಡುವ ಕಣ್ಣಿಗೆ ಏರಿಕೆಯೂ ಕಾಣುವುದಿಲ್ಲ, ಇಳಿಕೆಯೂ ಕಾಣುವುದಿಲ್ಲ.

ಒಂದು ಗ್ರಾಂ ನಿಖರತೆಯ ಡಿಜಿಟಲ್ ತಕ್ಕಡಿ ಹಾವಿಗೆಂದೇ ಬೇರೆ ಇಟ್ಟುಕೊಳ್ಳಿ. ಸರೀಸೃಪಗಳ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಅಡುಗೆಮನೆಯ ತಕ್ಕಡಿ ಬೇಡ. ಮುಚ್ಚಳದ ಡಬ್ಬಿಯನ್ನಿಟ್ಟು ಸೊನ್ನೆಗೆ ತಂದು, ಹಾವನ್ನು ಒಳಗೆ ಬಿಟ್ಟು ತೂಗಿ. ವಾರಕ್ಕೊಮ್ಮೆ, ಅದೇ ದಿನ, ಊಟಕ್ಕೆ ಮೊದಲು. ಪಕ್ಕದಲ್ಲಿ ಕೊನೆಯ ಬಾರಿ ಮಲ ಹಾಕಿದ್ದು ಯಾವಾಗ, ಪೊರೆ ಬಿಟ್ಟಿದ್ದು ಯಾವಾಗ, ಏನು ತಿಂದಿತು, ಎಷ್ಟು ಗ್ರಾಂ ಎಂದು ಬರೆದಿಡಿ. ಮಲ ಹಾಕಿದ ಮರುದಿನ 20 ಗ್ರಾಂ ಇಳಿದರೆ ಹೆದರುವ ಅಗತ್ಯವಿಲ್ಲ. ಒಂದು ವಾರದ ಅಂಕಿ ಏನನ್ನೂ ಹೇಳುವುದಿಲ್ಲ. ನಾಲ್ಕು ವಾರದ್ದು ಹೇಳುತ್ತದೆ.

ಪ್ರತಿ ತಿಂಗಳು ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಮೇಲಿನಿಂದ ಚಿತ್ರ ತೆಗೆಯಿರಿ. ಬಾಲದ ಬುಡ ನೋಡಿ. ಗುದದ್ವಾರದ ಹಿಂದೆ ಎರಡೂ ಬದಿ ಗುಳಿ ಬಿದ್ದಿದ್ದರೆ ಸ್ನಾಯು ಕರಗಿದೆ ಎಂದರ್ಥ. ತುಂಬಿ ಬರಲು ತುಂಬ ದಿನ ಹಿಡಿಯುವ ಜಾಗವೂ ಅದೇ.

ನೇರಮಾತು

ಇಷ್ಟೆಲ್ಲ ಕಾಯುವ ಬದಲು ಬಾಯಿ ತೆರೆಸಿ ನುಂಗಿಸಬಹುದಲ್ಲ? ನಾನು ಎರಡು ಹಾವಿಗೆ ಹಾಗೆ ಮಾಡಿದ್ದೇನೆ, ಎರಡೂ ಬದುಕಿವೆ. ಇಲಿ ಸಿಗದಿದ್ದಾಗ ಕೋಳಿ ಮಾಂಸದ ತುಂಡು ಕೂಡ ಕೊಟ್ಟಿದ್ದೇನೆ.

ಹಳೆಪೊರೆ

ನಿಮ್ಮ ಹಾವುಗಳು ಬದುಕಿರುವುದು ಸಂತೋಷ. ಆದರೂ ಇಲ್ಲಿ ಓದುವ ಹೊಸಬರಿಗಾಗಿ ಬರೆಯುತ್ತೇನೆ. ಬಲವಂತದ ಊಟದಲ್ಲಿ ಹಲ್ಲು ಮುರಿಯಬಹುದು, ಅನ್ನನಾಳ ಹರಿಯಬಹುದು, ಶ್ವಾಸನಾಳದ ಬಾಯಿ ಮುಚ್ಚಿಹೋಗಬಹುದು. ಇವೆಲ್ಲ ತಪ್ಪಿದರೂ ಹೆದರಿದ ಹಾವು ಎಷ್ಟೋ ಬಾರಿ ಆ ಊಟವನ್ನು ಕಕ್ಕಿಬಿಡುತ್ತದೆ. ಮಿಂಚುವಿಗೆ ಇನ್ನೂ ಸರಿಯಾದ ಬಿಸಿಯಲ್ಲಿ ಒಂದೇ ಒಂದು ಇಲಿಯನ್ನೂ ಮುಂದಿಟ್ಟಿಲ್ಲ. ಕೇಳುವುದಕ್ಕೆ ಮೊದಲೇ ಬಲವಂತ ಮಾಡುವುದು ನ್ಯಾಯವಲ್ಲ.

ಕೋಳಿ ಮಾಂಸದ ತುಂಡಿನಲ್ಲಿ ಮೂಳೆ ಇಲ್ಲ, ಯಕೃತ್ತು ಇಲ್ಲ, ಕರುಳು ಇಲ್ಲ. ಸುಣ್ಣದಂಶವೂ ಎ ಜೀವಸತ್ವವೂ ಅಲ್ಲಿಂದ ಬರುವುದಿಲ್ಲ. ಹಾವಿಗೆ ಇಡೀ ಬೇಟೆಯೇ ಊಟ.

ಮೂಕಜೀವ

ನಿಜವಾಗಿಯೂ ಬೇರೆ ದಾರಿಯಿಲ್ಲದಿದ್ದಾಗ ನಾವು ಕೊಳವೆಯ ಮೂಲಕ, ಮಾಂಸಾಹಾರಿ ಪ್ರಾಣಿಗಳಿಗೆಂದೇ ಮಾಡಿದ ಆಹಾರದ ಪುಡಿಯ ತೆಳು ಗಂಜಿ ಕೊಡುತ್ತೇವೆ. ಕೊಳವೆ ಎಷ್ಟು ಉದ್ದ ಇಳಿಯಬೇಕು, ಎಷ್ಟು ಮಿಲಿಲೀಟರ್ ಎಂದು ಲೆಕ್ಕ ಹಾಕಿಯೇ ಕೊಡುವುದು. ಮನೆಯಲ್ಲಿ ಮಾಡಬೇಡಿ.

ಮಿಂಚಿನಮನೆ

ಒಂಬತ್ತನೇ ದಿನ. ಬಿಸಿ ತುದಿ 32, ತಂಪು ತುದಿ 25, ತೇವಾಂಶ 68. ಮೊದಲ ಸಲ ನೀರಿಗೆ ಬಿಟ್ಟಾಗ ಅವಳು ಆರು ನಿಮಿಷ ಕುಡಿದಳು. ದವಡೆ ಅಲುಗುವುದನ್ನು ನೋಡುತ್ತಾ ಕುಳಿತಿದ್ದೆ, ಕಣ್ಣು ತುಂಬಿ ಬಂತು. ಈಗ ಮಡಿಕೆ ತಕ್ಷಣ ಇಳಿಯುತ್ತದೆ. ತೂಕ 548 ಗ್ರಾಂ, ನೀರಿನ ತೂಕವೇ ಇರಬೇಕು. ವೈದ್ಯರು ಬಾಯಿ, ಶ್ವಾಸ ಪರೀಕ್ಷಿಸಿ ಸದ್ಯಕ್ಕೆ ಸರಿಯಿದೆ ಎಂದರು. ಹೊಟ್ಟೆ ಖಾಲಿಯಾದ್ದರಿಂದ ಮಲ ಸಿಗಲಿಲ್ಲ.

25 ಗ್ರಾಮಿನ ಇಲಿಮರಿ ತಂದಿದ್ದೇನೆ. ಕೊಡುವುದು ಹೇಗೆ? ಜೀವಂತ ಇಲಿಯಾದರೆ ಆಸೆಯಿಂದ ಹಿಡಿಯುತ್ತದೆ ಎನ್ನುತ್ತಾರೆ.

ಹಳೆಪೊರೆ

ಜೀವಂತ ಇಲಿ ಬೇಡ. ದುರ್ಬಲ ಹಾವು ಸರಿಯಾಗಿ ಹಿಡಿಯದಿದ್ದರೆ ಇಲಿ ತಿರುಗಿ ಕಚ್ಚುತ್ತದೆ. ಬೆನ್ನುಮೂಳೆ ಕಾಣುವಷ್ಟು ಕಚ್ಚಿಸಿಕೊಂಡ ಹಾವನ್ನು ನಾನು ನೋಡಿದ್ದೇನೆ.

ಹೆಪ್ಪುಗಟ್ಟಿದ ಮರಿಯನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ಟು ನಿಧಾನವಾಗಿ ಕರಗಿಸಿ. ಮುಸ್ಸಂಜೆಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿ ಅದ್ದಿ, ಮೈಯೆಲ್ಲ ಬೆಚ್ಚಗಾಗಿ ತಲೆಯ ಭಾಗ 38 ಡಿಗ್ರಿ ಆಗುವವರೆಗೆ ಕಾಯಿಸಿ. ಮೈಕ್ರೋವೇವ್ ಬೇಡ, ಒಳಗೆ ಬೆಂದು ಹೊಟ್ಟೆ ಒಡೆಯುತ್ತದೆ. ಬಾಲ್ ಪೈಥಾನ್‌ನ ತುಟಿಯ ಅಂಚಿನಲ್ಲಿರುವ ಕುಳಿಗಳು ಬಿಸಿಯನ್ನು ಗುರುತಿಸುತ್ತವೆ. ತಣ್ಣನೆಯ ಇಲಿ ಅದರ ಪಾಲಿಗೆ ಇಲಿಯೇ ಅಲ್ಲ.

ದೀಪ ಆರಿಸಿ. ಉದ್ದದ ಚಿಮಟದಲ್ಲಿ ಸೊಂಟದ ಭಾಗ ಹಿಡಿದು ಅಡಗುತಾಣದ ಬಾಯಿಯ ಹತ್ತಿರ ಮೆಲ್ಲಗೆ ತನ್ನಿ, ಮುಖಕ್ಕೆ ತಿವಿಯಬೇಡಿ. ಹಿಡಿಯದಿದ್ದರೆ ಬಿಲದ ಬಾಗಿಲಲ್ಲಿಟ್ಟು ಹೊರಗೆ ಹೋಗಿ. ಬೆಳಗ್ಗೆ ಉಳಿದಿದ್ದರೆ ಎಸೆಯಿರಿ, ಮತ್ತೆ ಹೆಪ್ಪುಗಟ್ಟಿಸಬೇಡಿ. ತಿಂದರೆ 48 ಗಂಟೆ ಅವಳನ್ನು ಮುಟ್ಟಲೇಬೇಡಿ.

ಮಿಂಚಿನಮನೆ

ತಿಂದಳು!! ಮೊದಲ ರಾತ್ರಿ ಮೂಸಿ ಬಿಟ್ಟಳು. ನಾಲ್ಕು ದಿನ ಬಿಟ್ಟು ಮತ್ತೆ ಇಟ್ಟೆ. ಬಾಗಿಲಾಚೆ ಉಸಿರು ಬಿಗಿಹಿಡಿದು ಅರ್ಧ ಗಂಟೆ ಕುಳಿತಿದ್ದೆ. ಒಳಗೆ ದಪ್ಪೆಂದು ಸದ್ದು. ಬೆಳಗ್ಗೆ ನೋಡಿದರೆ ಇಲಿಮರಿ ಇಲ್ಲ, ನಡುಮೈಯಲ್ಲಿ ಸಣ್ಣ ಉಬ್ಬು.

ಎಳೆಬಳ್ಳಿ

ಅಭಿನಂದನೆ! ಇದೇ ಚರ್ಚೆಯಲ್ಲಿ ನನ್ನದೊಂದು ಪ್ರಶ್ನೆ ಕೇಳಬಹುದೇ? ನನ್ನ ಕಾರ್ನ್ ಹಾವಿನ (ಮನೆಯಲ್ಲಿ ಸಾಕುವ ಇನ್ನೊಂದು ಜಾತಿಯ ವಿಷವಿಲ್ಲದ ಹಾವು) ಮರಿ ಮೊಟ್ಟೆಯಿಂದ ಬಂದು ಐದು ವಾರವಾಯಿತು, 6 ಗ್ರಾಂ. ಮೊದಲ ಪೊರೆ ಬಿಟ್ಟಾಯಿತು, ಆದರೆ ಏನೂ ತಿಂದಿಲ್ಲ.

ಹಳೆಪೊರೆ

ಮರಿಯ ವಿಷಯ ಬೇರೆ. ದೊಡ್ಡ ಹಾವು ತಿಂಗಳುಗಟ್ಟಲೆ ತಡೆಯುತ್ತದೆ, 6 ಗ್ರಾಮಿನ ಮರಿಯ ಬಳಿ ಅಷ್ಟು ದಾಸ್ತಾನಿಲ್ಲ. ದೊಡ್ಡ ಪೆಟ್ಟಿಗೆಯಲ್ಲಿದ್ದರೆ ಮೊದಲು ಅಂಗೈಯಗಲದ ಡಬ್ಬಿಗೆ ಬದಲಿಸಿ, ಗಾಳಿಗೆ ತೂತು ಮಾಡಿ, ಒದ್ದೆ ಕಾಗದ ಹಾಕಿ. ಅಂದೇ ಹುಟ್ಟಿದ, ಇನ್ನೂ ಕೂದಲು ಬಾರದ ಸುಂಡಿಲಿ ಮರಿಯನ್ನು ಬೆಚ್ಚಗೆ ಮಾಡಿ ಜೊತೆಗಿಟ್ಟು ರಾತ್ರಿಯಿಡೀ ಕತ್ತಲಲ್ಲಿ ಬಿಡಿ. ಒಪ್ಪದಿದ್ದರೆ ಮುಂದಿನ ಸಲ ಬೇರೊಂದು ಸತ್ತ ಸುಂಡಿಲಿ ಮರಿಯ ತಲೆಯನ್ನು ಸ್ವಲ್ಪ ಸೀಳಿ ಇಡಿ. ಕೇಳಲು ಕಷ್ಟ, ಆದರೆ ಆ ವಾಸನೆಗೆ ಅನೇಕ ಮರಿಗಳು ಬಾಯಿ ಹಾಕುತ್ತವೆ. ಕಾರ್ನ್ ಹಾವಿನ ಮರಿಗಳಲ್ಲಿ ಕೆಲವಕ್ಕೆ ಹಲ್ಲಿಯ ವಾಸನೆ ತಗುಲಿಸಿದರೆ ಮಾತ್ರ ಅದು ಊಟವೆಂದು ತಿಳಿಯುತ್ತದೆ. ಇನ್ನೂ ಎರಡು ವಾರ ತಿನ್ನದಿದ್ದರೆ ವೈದ್ಯರ ಬಳಿ ಹೋಗಿ.

ಮಿಂಚಿನಮನೆ

ಐದನೇ ವಾರ. ಒಂದು ಕೆಟ್ಟ ಸುದ್ದಿ ಬರೆಯಬೇಕಾಗಿದೆ, ತಪ್ಪು ನನ್ನದೇ.

25 ಗ್ರಾಮಿನ ಎರಡು ಊಟ ಚೆನ್ನಾಗಿ ಅರಗಿದವು. ಆಸೆಯಿಂದ ಕಾಯುವ ಅವಳನ್ನು ನೋಡಿ ನನಗೂ ಆಸೆಯಾಯಿತು. ಮೂರನೇ ಸಲ 70 ಗ್ರಾಮಿನ ಇಲಿ ಕೊಟ್ಟೆ. ಮರುದಿನ ಮನೆಗೆ ಬಂದ ಅಕ್ಕನಿಗೆ ತೋರಿಸಲೆಂದು ಎತ್ತಿಕೊಂಡೆ. ಆ ರಾತ್ರಿ ಅವಳು ಪೂರ್ತಿ ಕಕ್ಕಿದಳು. ಅರ್ಧ ಕೊಳೆತ ಇಲಿ, ಸಹಿಸಲಾಗದ ವಾಸನೆ. ತೂಕ ಈಗ 522. ಬಂದ ದಿನಕ್ಕಿಂತಲೂ ಕಡಿಮೆ. ಈಗ ಸಣ್ಣದೊಂದು ಮರಿ ಕೊಟ್ಟು ಸರಿದೂಗಿಸಲೇ?

ಮೂಕಜೀವ

ಬೇಡ. 14 ದಿನ ಏನನ್ನೂ ಕೊಡಬೇಡಿ. ಕಕ್ಕಿದಾಗ ಇಲಿಯ ಜೊತೆಗೆ ಹೊಟ್ಟೆಯ ಆಮ್ಲ, ಲವಣ, ನೀರು ಎಲ್ಲ ಹೋಗಿವೆ, ಅನ್ನನಾಳದ ಒಳಪದರ ಸುಟ್ಟಿದೆ. ಅದು ಮಾಯುವ ಮೊದಲೇ ಕೊಟ್ಟರೆ ಮತ್ತೆ ಕಕ್ಕುತ್ತದೆ. ಎರಡನೇ ಸಲ, ಮೂರನೇ ಸಲ ಕಕ್ಕಿದ ಬಡ ಹಾವು ಉಳಿಯುವುದು ಕಷ್ಟ. ಶುದ್ಧ ನೀರಿರಲಿ, ಬಿಸಿ ಸರಿಯಿರಲಿ.

ಎರಡು ಊಟ ಅರಗಿದೆ ಎಂದರೆ ಮಲ ಬಂದಿರಬೇಕು. ಅದನ್ನು ಪರೀಕ್ಷೆಗೆ ಕೊಡಿ. ಇಲಿ ದೊಡ್ಡದಾಗಿದ್ದೂ, ಮುಟ್ಟಿದ್ದೂ ಕಾರಣವಿರಬಹುದು. ಆದರೆ ಅಷ್ಟೇ ಎಂದು ಊಹಿಸಿ ಕೂರುವ ಸಮಯ ಇದಲ್ಲ.

ಮುಸ್ಸಂಜೆ

ಮಿಂಚಿನಮನೆ ಅವರೇ, ಬಚ್ಚಿಡದೆ ಬರೆದಿರಿ, ಅದು ಇನ್ನೊಬ್ಬರ ಹಾವನ್ನು ಉಳಿಸುತ್ತದೆ.

ನನ್ನ ಕಾರ್ನ್ ಹಾವಿನ ವಿಷಯ ಹೇಳುತ್ತೇನೆ. ಅದೂ ತಿನ್ನುತ್ತಿತ್ತು, ಎರಡು ಮೂರು ದಿನಕ್ಕೆ ಕಕ್ಕುತ್ತಿತ್ತು. ನಾನು ಊಟ ಚಿಕ್ಕದು ಮಾಡಿದೆ, ಬಿಸಿ ಸರಿ ಮಾಡಿದೆ, ಆದರೂ ಇಳಿಯುತ್ತಲೇ ಹೋಯಿತು. ನಡುಮೈಯಲ್ಲಿ ಊಟವಿಲ್ಲದಾಗಲೂ ಗಟ್ಟಿಯಾದ ಉಬ್ಬು. ತಿಂದದ್ದೇ ಅಲ್ಲಿ ನಿಂತಿದೆ ಎಂದುಕೊಂಡು ನಾಲ್ಕು ತಿಂಗಳು ಕಳೆದೆ. ಅದು ಕ್ರಿಪ್ಟೋಸ್ಪೊರಿಡಿಯಂ ಎಂಬ ಸೂಕ್ಷ್ಮ ಪರಾವಲಂಬಿ. ಹೊಟ್ಟೆಯ ಒಳಪದರವನ್ನು ದಪ್ಪಗಾಗಿಸುತ್ತದೆ, ಪೂರ್ತಿ ಗುಣಪಡಿಸುವ ಔಷಧಿಯಿಲ್ಲ. ಅದನ್ನು ನಾನು ಉಳಿಸಿಕೊಳ್ಳಲು ಆಗಲಿಲ್ಲ. ಅದೇ ಚಿಮಟ, ಅದೇ ನೀರಿನ ಬಟ್ಟಲು ಬಳಸಿದ್ದರಿಂದ ಇನ್ನೊಂದಕ್ಕೂ ತಗುಲಿತು.

ನಿಮ್ಮ ಮನೆಯಲ್ಲಿ ಬೇರೆ ಹಾವಿದ್ದರೆ ಇಂದೇ ಪಾತ್ರೆ, ಚಿಮಟ, ಬಟ್ಟೆ ಎಲ್ಲ ಬೇರೆ ಮಾಡಿ. ಆರೋಗ್ಯವಾಗಿರುವುದನ್ನು ಮೊದಲು ನೋಡಿಕೊಂಡು, ಮಿಂಚುವನ್ನು ಕೊನೆಗೆ ನೋಡಿಕೊಳ್ಳಿ.

ಮಿಂಚಿನಮನೆ

ವರದಿ ಬಂತು. ಕ್ರಿಪ್ಟೋಸ್ಪೊರಿಡಿಯಂ ಇಲ್ಲ. ಜಂತುಹುಳುವಿನ ಮೊಟ್ಟೆಗಳು ಬಹಳ ಇವೆ. ಔಷಧಿ ಬರೆದುಕೊಟ್ಟಿದ್ದಾರೆ, ಆದರೆ ಹಾವಿನ ಶಕ್ತಿ ನೋಡಿಕೊಂಡು ಹತ್ತು ದಿನದ ನಂತರ ಮೊದಲ ಪ್ರಮಾಣ, ಎರಡು ವಾರ ಬಿಟ್ಟು ಎರಡನೆಯದು ಕೊಡೋಣ ಎಂದರು. ಮುಸ್ಸಂಜೆ ಅವರೇ, ನಿಮ್ಮ ಮಾತು ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನಲ್ಲಿ ಬೇರೆ ಹಾವಿಲ್ಲ.

ತಕ್ಕಡಿಗಣ್ಣು

ಔಷಧಿಯ ಪ್ರಮಾಣವನ್ನು ಯಾರೂ ಇಲ್ಲಿ ಕೇಳಬೇಡಿ, ಹೇಳಲೂ ಬೇಡಿ. ಅದು ಆ ದಿನದ ತೂಕದ ಮೇಲೆ ನಿಂತಿರುತ್ತದೆ. ಬಡ ಹಾವಿಗೆ ಹೆಚ್ಚಾದ ಜಂತುನಾಶಕ ವಿಷವೇ.

ಕಾಯುವ ಈ ಎರಡು ವಾರದಲ್ಲಿ ಅವಳು ಸೊರಗಿ ಹೋಗುತ್ತಾಳೆ ಎಂಬ ಭಯ ಬೇಡ. ಬಾಲ್ ಪೈಥಾನ್ ಸೇರಿದಂತೆ ಮೂರು ಬಗೆಯ ಹಾವುಗಳನ್ನು ಸುಮಾರು ಆರು ತಿಂಗಳು ಉಪವಾಸವಿಟ್ಟು ಅಧ್ಯಯನ ಮಾಡಿದ್ದಾರೆ. ಅವು ದೇಹದ ಖರ್ಚನ್ನು ಶೇಕಡಾ 72ರವರೆಗೆ ತಗ್ಗಿಸಿಕೊಂಡಿದ್ದವು. ಎರಡು ವಾರದ ವಿಶ್ರಾಂತಿಯನ್ನು ಮಿಂಚು ತಡೆಯುತ್ತಾಳೆ.

ಮಿಂಚಿನಮನೆ

ಐದನೇ ತಿಂಗಳು. ಬರೆಯದೆ ಬಹಳ ದಿನವಾಯಿತು, ಕ್ಷಮಿಸಿ.

14 ದಿನ ಕಾದು 15 ಗ್ರಾಮಿನ ಮರಿಯಿಂದ ಮತ್ತೆ ಶುರು ಮಾಡಿದೆ. ಏಳು ದಿನಕ್ಕೊಮ್ಮೆ. ಮೂರು ಊಟ ಅರಗಿದ ಮೇಲೆ 25, ಮತ್ತೆ ಮೂರು ಅರಗಿದ ಮೇಲೆ 35, ಈಗ 45. ಒಂದು ಸಲವೂ ಕಕ್ಕಿಲ್ಲ. ಎರಡು ಸಲ ಔಷಧಿ ಆಯಿತು. ತೂಕ 655 ಗ್ರಾಂ.

ಪಕ್ಕೆಗಳ ಗುಳಿ ತುಂಬಿದೆ. ಬೆನ್ನುಮೂಳೆ ಇನ್ನೂ ಬೆರಳಿಗೆ ಸಿಗುತ್ತದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಮೊನ್ನೆ ಒಂದೇ ತುಂಡಾಗಿ ಪೊರೆ ಬಿಟ್ಟಳು, ಕಣ್ಣಿನ ಮೇಲಿದ್ದ ಹಳೆಯದೂ ಅದರೊಂದಿಗೇ ಬಂತು.

ಒಂದು ಚಿಂತೆ: ಮೂರು ವಾರದಿಂದ ಊಟ ಮುಟ್ಟುತ್ತಿಲ್ಲ, ಪೊರೆ ಬಿಟ್ಟಾದ ಮೇಲೂ ಹಾಗೇ. ಬಿಸಿ, ತೇವಾಂಶ ಎಲ್ಲ ಸರಿಯಿದೆ.

ಹಳೆಪೊರೆ

ತೂಕ ಎಷ್ಟು ಇಳಿದಿದೆ?

ಮಿಂಚಿನಮನೆ

662 ಇತ್ತು, ಈಗ 655.

ಹಳೆಪೊರೆ

ಮೂರು ವಾರಕ್ಕೆ ಏಳು ಗ್ರಾಂ. ಅದು ಬಾಲ್ ಪೈಥಾನ್‌ನ ಸ್ವಭಾವ, ಕಾಯಿಲೆಯಲ್ಲ. ವಾರಕ್ಕೊಮ್ಮೆ ಮಾತ್ರ ಕೇಳಿ, ದಿನಾ ಇಲಿ ಹಿಡಿದು ಬಾಗಿಲಲ್ಲಿ ನಿಲ್ಲಬೇಡಿ. ಬೇಡವೆಂದಾಗಲೆಲ್ಲ ಮುಂದಿಟ್ಟರೆ ಅವಳಿಗೆ ಇಲಿಯೇ ಭಯವಾಗುತ್ತದೆ. ಇದ್ದ ತೂಕದ ಶೇಕಡಾ 10ರಷ್ಟು ಇಳಿದರೆ, ಅಥವಾ ಚುರುಕು ತಪ್ಪಿದರೆ ವೈದ್ಯರ ಬಳಿ ಹೋಗಿ.

ಮಿಂಚಿನಮನೆ

ಐದನೇ ವಾರ ತಾನಾಗಿಯೇ ತಿಂದಳು. ಈ ಸಲ ನಾನು ಬಾಗಿಲಾಚೆ ಕುಳಿತಿರಲಿಲ್ಲ, ಮಲಗಿ ನಿದ್ದೆ ಮಾಡಿದ್ದೆ.

ನೇರಮಾತು

ಈ ಚರ್ಚೆಯನ್ನು ಮೊದಲಿನಿಂದ ಓದುತ್ತಾ ಬಂದೆ. ನನ್ನ ಒಂದು ಹಾವು ಈಗ ಮತ್ತೆ ಊಟ ಬಿಟ್ಟಿತ್ತು. ಬಾಯಿ ತೆರೆಸುವ ಮೊದಲು ತಂತಿಯ ಥರ್ಮಾಮೀಟರ್ ಇಟ್ಟು ನೋಡಿದೆ, ಬಿಸಿ ತುದಿ 27 ಇತ್ತು. ಸರಿಪಡಿಸಿ ಹನ್ನೊಂದು ದಿನ ಕಾದೆ. ತಾನೇ ತಿಂದಿತು. ಹಳೆಪೊರೆ ಅವರಿಗೆ ಧನ್ಯವಾದ.

ಎಳೆಬಳ್ಳಿ

ನನ್ನ ಮರಿಯೂ ಹಲ್ಲಿಯ ವಾಸನೆಗೆ ಒಪ್ಪಿತು. ಈಗ 14 ಗ್ರಾಂ, ವಾಸನೆ ತಗುಲಿಸದಿದ್ದರೂ ತಿನ್ನುತ್ತದೆ.

ಮಿಂಚಿನಮನೆ

ಎಂಟನೇ ತಿಂಗಳು. 838 ಗ್ರಾಂ. ಎರಡನೇ ಮಲ ಪರೀಕ್ಷೆಯಲ್ಲಿ ಜಂತುಹುಳುವಿನ ಮೊಟ್ಟೆ ಇಲ್ಲ. ಇನ್ನು ಎಲ್ಲಿಯವರೆಗೆ ವಾರಕ್ಕೊಮ್ಮೆ ಕೊಡಬೇಕು? ಅವಳು ಎಷ್ಟು ಕೊಟ್ಟರೂ ತಿನ್ನುವ ಹಾಗಿದ್ದಾಳೆ. ಬೆಳೆದ ಹೆಣ್ಣು ಹಾವಿನ ತೂಕವೆಂದು ಕೇಳಿರುವ 1,500 ಗ್ರಾಮಿಗೆ ಬೇಗ ತಲುಪಿಸಬಹುದೇ?

ಮೂಕಜೀವ

1,500 ಎಂಬ ಅಂಕಿಯನ್ನು ಮನಸ್ಸಿನಿಂದ ತೆಗೆದುಹಾಕಿ. ಬೆಳೆಯುವ ವಯಸ್ಸಿನಲ್ಲಿ ಹಸಿದ ಹಾವು ಅದೇ ವಯಸ್ಸಿನ ಬೇರೆ ಹಾವಿನಷ್ಟು ಉದ್ದವಿರುವುದಿಲ್ಲ. ಅವಳ ಉದ್ದಕ್ಕೆ ತಕ್ಕ ತೂಕವೇ ಅವಳ ತೂಕ.

ನೋಡಬೇಕಾದದ್ದು ಮೈಯ ಆಕಾರ. ಬೆನ್ನಿನ ಎರಡೂ ಬದಿ ಸ್ನಾಯು ತುಂಬಿ, ಬೆನ್ನುಮೂಳೆ ಒತ್ತಿದರೆ ಮಾತ್ರ ಸಿಗಬೇಕು. ಮೈಯ ಅಡ್ಡಕೊಯ್ತದ ಆಕಾರ ಮೂಲೆ ಉಜ್ಜಿದ ತ್ರಿಕೋನದಂತಿರಬೇಕು. ಇದು ನೆಲದ ಹೆಬ್ಬಾವಿನ ಮಾತು. ಮರದ ಮೇಲಿರುವ ಹಸಿರು ಹೆಬ್ಬಾವಿನಂಥವುಗಳಿಗೆ ಆರೋಗ್ಯವಿದ್ದಾಗಲೂ ಬೆನ್ನು ಏಣಾಗಿಯೇ ಇರುತ್ತದೆ, ಅವನ್ನು ಇದೇ ಕಣ್ಣಿನಿಂದ ಅಳೆಯಬೇಡಿ. ಮೈ ಪೂರ್ತಿ ಉರುಳೆಯಾಗಿ, ಊಟವಿಲ್ಲದಾಗಲೂ ಹುರುಪೆಗಳ ನಡುವೆ ಚರ್ಮ ಕಂಡು, ಬಾಗಿದಾಗ ಕೊಬ್ಬಿನ ಮಡಿಕೆ ಬಿದ್ದರೆ ಅತಿಯಾಯಿತು ಎಂದರ್ಥ. ಬೇಗ ಕೊಬ್ಬಿಸಿದ ಹಾವಿನ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ಸೊರಗಿದ್ದು ಕಣ್ಣಿಗೆ ಕಾಣುತ್ತಿತ್ತು, ಯಕೃತ್ತಿನ ಕೊಬ್ಬು ಕಾಣುವುದಿಲ್ಲ.

ಒಂದು ಹೊಸ ಚಿತ್ರ ಹಾಕಿ.

ಮಿಂಚಿನಮನೆ

ಮೇಲಿನಿಂದ ಒಂದು, ಬದಿಯಿಂದ ಒಂದು, ಬಾಲದ ಬುಡದ್ದು ಒಂದು ಹಾಕಿದ್ದೇನೆ. ಮೊದಲ ದಿನದ ಚಿತ್ರವನ್ನೂ ಪಕ್ಕದಲ್ಲಿಟ್ಟಿದ್ದೇನೆ.

ತಕ್ಕಡಿಗಣ್ಣು

ಬಾಲದ ಬುಡದ ಗುಳಿ ಹೋಗಿದೆ! ಅದನ್ನೇ ನೋಡಬೇಕೆಂದು ಎಂಟು ತಿಂಗಳಿಂದ ಕಾಯುತ್ತಿದ್ದೆ.

ಮೂಕಜೀವ

ಇನ್ನು ವಾರಕ್ಕೊಮ್ಮೆ ಬೇಡ. ಮುಂದಿನ ಎರಡು ತಿಂಗಳು ಹತ್ತು ದಿನಕ್ಕೊಮ್ಮೆ 60 ಗ್ರಾಂ, ಆಮೇಲೆ ಎರಡು ವಾರಕ್ಕೊಮ್ಮೆ. ತಿಂಗಳ ಏರಿಕೆ ನಿಧಾನವಾಗುತ್ತದೆ, ಅದರಿಂದ ಗಾಬರಿಯಾಗಬೇಡಿ. ಆರು ತಿಂಗಳ ನಂತರ ಮಲವನ್ನು ಇನ್ನೊಮ್ಮೆ ಪರೀಕ್ಷೆ ಮಾಡಿಸಿ.

ಮಿಂಚಿನಮನೆ

ಹಾಗೇ ಮಾಡುತ್ತೇನೆ. ಫ್ರೀಜರಿನಲ್ಲಿದ್ದ 90 ಗ್ರಾಮಿನ ಆ ಹಳೆಯ ಇಲಿಗಳನ್ನು ಇವತ್ತು ಎಸೆದೆ, ಎಂಟು ತಿಂಗಳು ಹಾಗೇ ಇದ್ದವು. ಈಗ ಮುಸ್ಸಂಜೆಯಾಗಿದೆ, ಮಿಂಚು ಬಿಲದಿಂದ ಅರ್ಧ ಮೈ ಹೊರಗೆ ಹಾಕಿ ನೀರಿನ ಬಟ್ಟಲಿನ ಕಡೆ ಹೊರಟಿದ್ದಾಳೆ. ಮುಂದಿನ ಊಟ ಹತ್ತು ದಿನಕ್ಕೆ.